ಕಸದಿಂದ ರಸ ಅಂತೀರಿ, ಮತ್ತೆ ಅಂಗಡಿಗೆ ಯಾಕೆ ಕಳಿಸ್ತೀರಿ?

ಕಾರ್ಯಾನುಭವದ ತಾಸು ಬಂತೆಂದರೆ ನಮ್ಮ ಗಡಿಭಾಗದ ಸ್ಟೇಷನರಿ ಅಂಗಡಿಯವರಿಗೆ ಹಬ್ಬ. ಥರ್ಮಾಕೋಲ್ ಹಾಳೆ, ಮಿಂಚಿನ ಕಾಗದ, ಗೋಂದಿನ ಡಬ್ಬಿ, ಬಣ್ಣಬಣ್ಣದ ಉಲನ್ ಉಂಡೆ... ಎಲ್ಲವನ್ನೂ ಹೊಸದಾಗಿ ಕೊಂಡು ತಂದು, ಅಂಟಿಸಿ, ಮೇಲೊಂದು ಚೀಟಿ ಹಚ್ಚುತ್ತೇವೆ: "ಟಾಕಾವೂಪಾಸೂನ್ ಟಿಕಾವೂ". ನಮ್ಮ ಭಾಷೆಯಲ್ಲಿ ಕಸದಿಂದ ರಸ. ಇದರಲ್ಲಿ ಕಸ ಎಲ್ಲಿದೆ ಸ್ವಾಮಿ? ಪ್ರದರ್ಶನ ಮುಗಿದು ಮೂರನೆಯ ದಿನಕ್ಕೆ ಶಾಲೆಯ ಹಿಂದಿನ ತಿಪ್ಪೆ ಸೇರಿದಾಗಲೇ ಅದು ಕಸ ಆಗೋದು!

ಅಲಂಕಾರದ ಥರ್ಮಾಕೋಲನ್ನು ಕೇಂದ್ರ ಸರಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ನಾವೇ ಪರಿಸರ ದಿನಾಚರಣೆಯಲ್ಲಿ ಪ್ಲಾಸ್ಟಿಕ್ ಬೇಡ ಎಂದು ಘೋಷಣೆ ಕೂಗಿಸುತ್ತೇವೆ, ನಾವೇ ಮರುವಾರ ಥರ್ಮಾಕೋಲ್ ತಾಜಮಹಲಿಗೆ ಮೊದಲ ಬಹುಮಾನ ಕೊಡುತ್ತೇವೆ. ಅದನ್ನು ಮಾಡಿದ್ದು ಮಗುವೋ ಅಪ್ಪನೋ, ಆ ಮಾತು ಬ್ಯಾಡ ಬಿಡಿ.

ನಾನು ಹೇಳೋದಿಷ್ಟೇ. ಜತ್ತ, ಅಕ್ಕಲಕೋಟ ಕಡೆ ಕನ್ನಡ ಶಾಲೆಗಳಲ್ಲಿ ಕಲಿಸುವ ನಮಗೆ ಕೈಕೆಲಸದ ಸಾಮಾನು ಬೇಕಿದ್ದರೆ ಅದು ಮಕ್ಕಳ ಮನೆಯ ಮೂಲೆಯಲ್ಲೇ ಇದೆ. ಇದು ಕುರಿಯ ನಾಡು. ನಮ್ಮ ದಖ್ಖನಿ ಕುರಿಯ ಕರಿ ಉಣ್ಣೆಯ ಕಂಬಳಿ ಹೊದ್ದು ಬೆಳೆದವರು ನಾವು. ಅದು ಹರಿದರೆ ದನದ ಕೊಟ್ಟಿಗೆಗೆ, ಆಮೇಲೆ ತಿಪ್ಪೆಗೆ. ಸೈನ್ಯದಿಂದ ನಿವೃತ್ತರಾಗಿ ಬಂದವರ ಮನೆಯಲ್ಲಿ ಹುಳ ತಿಂದ ಉಣ್ಣೆಯ ಜರ್ಸಿ ಇರುತ್ತದೆ. ಇಂಥದರಿಂದ ಗಟ್ಟಿ ಫೆಲ್ಟ್ ಮಾಡಬಹುದು. ಖರ್ಚು ಒಂದು ಬಟ್ಟೆ ಸಾಬೂನು, ಒಂದು ಹಂಡೆ ಬಿಸಿನೀರು.

ಫೆಲ್ಟ್ ಅಂದರೇನು ಅಂತ ಮಕ್ಕಳಿಗೆ ಹೇಳುವುದು ಕಷ್ಟವಲ್ಲ. ಜಡೆಗಟ್ಟಿದ ಉಣ್ಣೆ. ಕುರಿ ಮೇಯಿಸಿದ ಹುಡುಗನಿಗೆ ಇದು ಗೊತ್ತು, ಗೊತ್ತಿಲ್ಲದಿರುವುದು ನಮಗೇ. ಉಣ್ಣೆಯ ಎಳೆಯ ಮೇಲೆ ಹೆಂಚು ಹೊದಿಸಿದ ಹಾಗೆ ಕಣ್ಣಿಗೆ ಕಾಣದ ಸಣ್ಣ ಪದರುಗಳಿವೆ. ಬಿಸಿನೀರು, ಸಾಬೂನು ತಗುಲಿದಾಗ ಅವು ಬಿಚ್ಚಿಕೊಳ್ಳುತ್ತವೆ. ತಿಕ್ಕಿದರೆ ಒಂದು ಎಳೆ ಇನ್ನೊಂದರೊಳಗೆ ನುಗ್ಗಿ ಸಿಕ್ಕಿಬೀಳುತ್ತದೆ, ಹಿಂದಕ್ಕೆ ಬರುವುದಿಲ್ಲ. ಅರಿವೆ ಕುಗ್ಗುತ್ತದೆ, ದಪ್ಪಗಾಗುತ್ತದೆ. ಕತ್ತರಿಸಿದರೆ ಅಂಚಿನ ನೂಲು ಬಿಡುವುದಿಲ್ಲ. ವಿಜ್ಞಾನದ ಪುಸ್ತಕದ ಪ್ರಾಣಿಜನ್ಯ ನಾರು, ಕೃತಕ ನಾರು ಎಂಬ ಪಾಠ ಇಲ್ಲಿ ಕೈಗೇ ಸಿಗುತ್ತದೆ.

ಮೊದಲ ಕೆಲಸ ಪರೀಕ್ಷೆ. ನಮ್ಮ ಸಂತೆಯಲ್ಲಿ ಸಿಗುವ ಅಗ್ಗದ ಸ್ವೆಟರುಗಳಲ್ಲಿ ಬಹುತೇಕ ಅಕ್ರಿಲಿಕ್. ಉಲನ್ ಅನ್ನುತ್ತೇವೆ, ಅದರಲ್ಲಿ ಕುರಿಯ ಕೂದಲೇ ಇರುವುದಿಲ್ಲ. ಒಂದೆಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸುಡಬೇಕು (ಮಾಸ್ತರರು ಸುಡಬೇಕು, ಮಕ್ಕಳಲ್ಲ). ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಗುಂಡಾದರೆ ಪ್ಲಾಸ್ಟಿಕ್ಕಿನ ಅಣ್ಣತಮ್ಮ, ಅದನ್ನು ನೀವು ಯುಗಾದಿಯವರೆಗೆ ತಿಕ್ಕಿದರೂ ಫೆಲ್ಟ್ ಆಗದು. ಮಶೀನಿನಲ್ಲಿ ಒಗೆಯಬಹುದು ಎಂದು ಪದರು ತೆಗೆದು ಮಾರುವ ಉಣ್ಣೆಯೂ ಆಗದು.

ಉಣ್ಣೆ ಎಂದು ಖಾತ್ರಿಯಾದ ಮೇಲೆ ಗುಂಡಿ, ಜಿಪ್ಪು ಬಿಚ್ಚಿ, ಕೈ ತಾಳುವಷ್ಟು ಬಿಸಿನೀರಿನಲ್ಲಿ ಅದ್ದಿ, ಸಾಬೂನು ಹಚ್ಚಿ, ಒಗೆಯುವ ಕಲ್ಲಿನ ಮೇಲೆ ತಿಕ್ಕಬೇಕು, ಬಡಿಯಬೇಕು, ತಣ್ಣೀರಿಗೆ ಹಾಕಿ ಮತ್ತೆ ಬಿಸಿನೀರಿಗೆ. ಹೆಣಿಗೆಯ ಕಣ್ಣು ಕಾಣದಾಗುವ ತನಕ. ಹೆಣೆದ ಜರ್ಸಿ ಬೇಗ ಮಣಿಯುತ್ತದೆ. ನೇಯ್ದ ಕಂಬಳಿಗೆ ಹುಣಸೆಬೀಜದ ಸರಿ ಹಾಕಿರುತ್ತಾರೆ, ಅದನ್ನು ರಾತ್ರಿಯಿಡೀ ನೆನೆಸಿ ಬಿಡಿಸಿಕೊಳ್ಳಬೇಕು. ನಮ್ಮ ಉಣ್ಣೆ ಬಿರುಸು, ಹಟಮಾರಿ. ಎರಡು ಶನಿವಾರ ಬೇಕಾದರೂ ಬೇಕು. ನೆರಳಲ್ಲಿ ಹರವಿ ಒಣಗಿಸಿ. ಆಮೇಲೆ ಕಂಪಾಸಿನ ಚೀಲ, ಮೊಬೈಲ್ ಚೀಲ, ಜಡೆಯ ಹೂವು, ಅಕ್ಕೋರ ಸೀರೆಗೆ ಪಿನ್ನು, ಏನು ಬೇಕಾದರೂ ಕತ್ತರಿಸಿ ಹೊಲಿಯಿರಿ. ನಮ್ಮ ಶಾಲೆಯ ಕರಿಹಲಗೆಯನ್ನು ಅಂಥದೇ ಡಸ್ಟರಿನಿಂದ ಒರೆಸುತ್ತಿದ್ದೇವೆ.

"ಅಲ್ರೀ ಗುರುಗೋಳ, ಅದು ಕುರುಬರ ಕೆಲಸ" ಅಂತ ಅನ್ನುವವರಿದ್ದಾರೆ. ಬಾಯಿಬಿಟ್ಟು ಹೇಳದಿದ್ದರೂ ಮೂಗು ಮುರಿದು ಹೇಳುವವರು ಇನ್ನೂ ಜಾಸ್ತಿ. ಇದಕ್ಕೆ ನನ್ನ ಉತ್ತರ ಖಾರವಾಗಿಯೇ ಇದೆ. ಆ ಮನೆಯ ಹುಡುಗ ಕಂಬಳಿ ಹೊದ್ದು ಶಾಲೆಗೆ ಬರಲು ನಾಚುತ್ತಾನಲ್ಲ, ಆ ನಾಚಿಕೆಯನ್ನು ಕಲಿಸಿದ್ದು ಯಾರು? ಹಿಂಜುವುದು, ನೂಲುವುದು, ಹಾಸು, ಹೊಕ್ಕು, ಲಾಳಿ, ಇಷ್ಟು ಚೆಂದದ ಕನ್ನಡ ಅವನ ಅಜ್ಜಿಯ ಬಾಯಲ್ಲಿದೆ. ಬಾಲಭಾರತಿಯ ಕನ್ನಡ ಪುಸ್ತಕ ಕೈಯಲ್ಲಿ ಹಿಡಿದು ಕನ್ನಡ ಉಳಿಯಬೇಕು ಎಂದು ಭಾಷಣ ಮಾಡುವ ನಾವು ಆ ಅಜ್ಜಿಯನ್ನು ಒಂದು ತಾಸು ಶಾಲೆಗೆ ಕರೆದಿದ್ದೇವೆಯೇ? ಕರೆಯಿರಿ. ಕುರ್ಚಿ ಹಾಕಿ ಕೂಡ್ರಿಸಿ.

ಒಂದು ಎಚ್ಚರ. ಬೀರಪ್ಪನ ಪೂಜೆಯ ಕಂಬಳಿಗೆ ಕತ್ತರಿ ಹಚ್ಚುವ ಮಾತು ಇದಲ್ಲ, ಮನೆಯವರನ್ನು ಕೇಳದೆ ಏನನ್ನೂ ತರಿಸಬಾರದು. ಇನ್ನೂ ಹೊದೆಯಲು ಬರುವಂಥದನ್ನು ಕತ್ತರಿಸುವುದೂ ಪಾಪವೇ, ಅದು ಚಳಿಯಲ್ಲಿ ನಡುಗುವವರಿಗೆ ಸೇರಬೇಕು.

"ಹಳೇ ಅರಿವೆ ತಾ ಅಂದ್ರ ಪಾಲಕರು ಸಿಟ್ಟಾಗ್ತಾರ, ರೊಕ್ಕ ಕೇಳಿದ್ರ ಕೊಡ್ತಾರ" ಎಂಬ ಮಾತನ್ನೂ ಕೇಳಿದ್ದೇನೆ. ಯಾವ ಪಾಲಕರು ಕೊಡ್ತಾರ್ರೀ? ಕಬ್ಬು ಕಡಿಯಲು ಗುಳೆ ಹೋದವರೇ? ರೊಕ್ಕ ಇಲ್ಲದ ಮಗು ಆ ದಿನ ಹೊಟ್ಟೆನೋವೆಂದು ಮನೆಯಲ್ಲೇ ಉಳಿಯುತ್ತದೆ, ಹಾಜರಿ ಪುಸ್ತಕ ತೆಗೆದು ನೋಡಿ.

1937ರಲ್ಲಿ ವರ್ಧಾದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಪಾಠ ಎಂದರು. ಕೊಠಾರಿ ಆಯೋಗ (1964-66) ಕಾರ್ಯಾನುಭವ ಎಂದಿತು. ಶಿಕ್ಷಕ ತರಬೇತಿಯ ಪರೀಕ್ಷೆಯಲ್ಲಿ ಇದರ ಮೇಲೆ ಪುಟಗಟ್ಟಲೆ ಉತ್ತರ ಬರೆದು ಪಾಸಾದವರೇ ನಾವೆಲ್ಲ. ಅವರ್ಯಾರೂ ಅಂಗಡಿಯಿಂದ ಸಾಮಾನು ತರಿಸಿರಿ ಅಂದಿರಲಿಲ್ಲ.

ಈ ಸಲದ ಪ್ರದರ್ಶನದ ಪರೀಕ್ಷಕರಲ್ಲಿ ಒಂದು ವಿನಂತಿ. ಅಂಕ ಹಾಕುವ ಮೊದಲು ಪ್ರತಿಯೊಂದು ಮಗುವನ್ನೂ ಕೇಳಿರಿ: "ಇದಕ್ಕ ಎಷ್ಟು ರೊಕ್ಕ ಹಾಕೀದಿ?"