ಹಳೆಯ ಕ್ಯಾಮೆರಾ, ಹೊಸ ಹಿಂಸೆ

ಚಿತ್ರವನ್ನು ಆ ಕ್ಷಣವೇ ಕೈಗಿಡುವ ಹಳೆಯ ಪೋಲರಾಯ್ಡ್ ಕ್ಯಾಮೆರಾಗಳನ್ನು ದುರಸ್ತಿಗೊಳಿಸುವ ಹವ್ಯಾಸವನ್ನು ಅಪರಿಗ್ರಹವೆಂದು ಹೊಗಳುವವರುಂಟು. ಇದ್ದುದನ್ನೇ ಸರಿಪಡಿಸಿದರೆ ಹೊಸದನ್ನು ಕೊಳ್ಳಬೇಕಿಲ್ಲವಷ್ಟೆ? ಇದು ಅರ್ಧಸತ್ಯ. 1972ರಲ್ಲಿ ಹೊರಬಂದ ಎಸ್‌ಎಕ್ಸ್-70 ಮಾದರಿಯ ಹೊದಿಕೆಯೇ ಚರ್ಮ. ಅದು ಸುಲಿದಾಗ ಅನೇಕರು ಮತ್ತೆ ಚರ್ಮವನ್ನೇ ಅಂಟಿಸುತ್ತಾರೆ. ಬಟ್ಟೆ ಸಾಲದೇ?

ಅದಕ್ಕಿಂತ ಘೋರವಾದುದು ಕಣ್ಣಿಗೆ ಕಾಣದು. ಫಿಲ್ಮಿನಲ್ಲಿ ಬೆಳ್ಳಿಯ ಲವಣಗಳನ್ನು ಹಿಡಿದಿಡುವ ಜೆಲಟಿನ್, ದನ ಹಂದಿಗಳ ಮೂಳೆ ತೊಗಲುಗಳಿಂದ ತೆಗೆದ ಅಂಟು. ಪೋಲರಾಯ್ಡ್ ಕಂಪೆನಿ 2008ರಲ್ಲಿ ಫಿಲ್ಮ್ ತಯಾರಿಕೆಯನ್ನು ನಿಲ್ಲಿಸಿತ್ತು. ಹಳೆಯ ಕ್ಯಾಮೆರಾ ಉಳಿಸಿಕೊಂಡವರಿಗಾಗಿಯೇ ಬೇರೆಯವರು 2010ರಲ್ಲಿ ನೆದರ್ಲೆಂಡ್ಸಿನಲ್ಲಿ ಅದನ್ನು ಪುನರಾರಂಭಿಸಿದರು. ಹೀಗಿರುವಾಗ "ಕೊಂದವರು ನಾವಲ್ಲ" ಎಂಬ ಸಮಾಧಾನ ನಿಲ್ಲದು. ಕೃತದಂತೆ ಕಾರಿತ, ಅನುಮೋದನಗಳೂ ಕರ್ಮಬಂಧಕ್ಕೆ ಕಾರಣವೆಂದು ಶ್ರಾವಕರಿಗೆ ಹೊಸದಾಗಿ ಹೇಳಬೇಕೇ? ಹಿರಿಯರ ಆಲ್ಬಮ್ಮುಗಳಲ್ಲೂ ಜೆಲಟಿನ್ ಇತ್ತು, ನಿಜ. ಅವರಿಗೆ ಡಿಜಿಟಲ್ ಕ್ಯಾಮೆರಾ ಇರಲಿಲ್ಲ.

ದಾಂಡೇಲಿ, ಜೋಯಿಡಾಗಳ ಕಾಡಿನಲ್ಲಿ ಮಂಗಟ್ಟೆ ಹಕ್ಕಿಯನ್ನು ನೋಯಿಸದೆ ಚಿತ್ರ ತೆಗೆದೆವೆಂದು ಹಿಗ್ಗುವವರು, ಆ ಚಿತ್ರ ಯಾವುದರ ಮೇಲೆ ಮೂಡಿತೆಂಬುದನ್ನೂ ಕೇಳಿಕೊಳ್ಳಲಿ. ಹಳಿಯಾಳ, ಮುಂಡಗೋಡ ಕಡೆಯ ಮನೆಗಳ ಅಟ್ಟದಲ್ಲಿ ಅಂಥ ಕ್ಯಾಮೆರಾ ಸಿಕ್ಕರೆ ತರುಣರು ಬಿಚ್ಚಿ ನೋಡಲಿ, ಉರುಳೆಗಳನ್ನು ಒರೆಸಲಿ. ಆ ಕುಶಲತೆ ಒಳ್ಳೆಯದೇ. ಫಿಲ್ಮ್ ಮಾತ್ರ ತುಂಬದಿರಲಿ. ಬಸದಿಗಳ ಟ್ರಸ್ಟುಗಳೂ ಉತ್ಸವಗಳಲ್ಲಿ ಇಂಥ ಚಿತ್ರಗಳಿಗೆ ಅನುಮತಿ ನೀಡಬಾರದು.