ಮಿತಿ ಹಾಕಬೇಕಾದವರು ಯಾರು?

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾದವುಗಳಲ್ಲಿ ತನಗೆ ಇಷ್ಟು ಸಾಕು ಎಂದು ಗೃಹಸ್ಥನು ತಾನೇ ನಿಶ್ಚಯಿಸಿಕೊಂಡು, ಅದರಾಚೆಗಿನ ಆಸೆಯನ್ನು ಬಿಡುವುದೇ ಈ ವ್ರತ. ಮುನಿಗೆ ಸರ್ವಸಂಗ ಪರಿತ್ಯಾಗ, ಗೃಹಸ್ಥನಿಗೆ ಪರಿಮಿತಿ. ದಾನ, ಪೂಜೆಗಳ ಮಾತು ನಿತ್ಯವೂ ಕೇಳಿಬರುವ ಸಮಾಜದಲ್ಲಿ ಈ ವ್ರತದ ಮಾತು ಮಾತ್ರ ಅಪರೂಪವಾಗಿದೆ.

ಬಂಡವಾಳಶಾಹಿ ಅರ್ಥವ್ಯವಸ್ಥೆ ನಡೆಯುವುದು ಲಾಭದ ಬಲದಿಂದ. ಲಾಭವು ಮತ್ತೆ ಬಂಡವಾಳವಾಗಿ ಇನ್ನಷ್ಟು ಲಾಭವನ್ನು ತರಬೇಕು. ಅದು ಲೋಕದ ಸಂಪತ್ತನ್ನು ಅಪಾರವಾಗಿ ಹೆಚ್ಚಿಸಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ‘ಸಾಕು’ ಎಂಬ ಪದಕ್ಕೆ ಅದರ ಲೆಕ್ಕದ ಪುಸ್ತಕದಲ್ಲಿ ಸ್ಥಳವಿಲ್ಲ. ಭೂಮಿ, ಕಾರ್ಖಾನೆಗಳು ಕೆಲವರ ಕೈಯಲ್ಲಿಯೇ ಸೇರಬಾರದು, ಮಿತಿಯನ್ನು ಸಮಾಜವೇ ವಿಧಿಸಬೇಕು ಎಂಬುದು ಇದಕ್ಕೆ ಸಮಾಜವಾದ ನೀಡಿದ ಉತ್ತರ. ಸೋವಿಯತ್ ಒಕ್ಕೂಟದಲ್ಲಿ ಆ ಮಿತಿ ಬಲಪ್ರಯೋಗದಿಂದ ಬಂದಿತು. ರೈತರ ಹೊಲಗಳನ್ನು ಬಲವಂತವಾಗಿ ಸಾಮೂಹಿಕ ಕೃಷಿಗೆ ಸೇರಿಸಲಾಯಿತು. 1932-33ರ ಕ್ಷಾಮದಲ್ಲಿ ಲಕ್ಷಾಂತರ ಜನರು ಹಸಿವಿನಿಂದ ಸತ್ತರು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಅಂತಹ ದಾರಿಯನ್ನು ಒಪ್ಪಲಾರರು.

ಭಾರತವು ಶಾಸನಸಭೆಯ ದಾರಿಯನ್ನು ಹಿಡಿಯಿತು. 1955ರಲ್ಲಿ ಆವಡಿಯ ಅಧಿವೇಶನದಲ್ಲಿ ಕಾಂಗ್ರೆಸ್ ಪಕ್ಷವು ಸಮಾಜವಾದಿ ಮಾದರಿಯ ಸಮಾಜವನ್ನು ತನ್ನ ಗುರಿಯೆಂದು ಸಾರಿತು. ಕರ್ನಾಟಕದಲ್ಲಿ ಆ ಗುರಿಯ ಅತಿ ದೊಡ್ಡ ಪ್ರಯೋಗ, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ. ಗೇಣಿಗೆ ಕೊಟ್ಟ ಭೂಮಿ ಸರ್ಕಾರಕ್ಕೆ ಸೇರಿ, ಭೂನ್ಯಾಯ ಮಂಡಳಿಗಳ ಮೂಲಕ ಉಳುವವನ ಹೆಸರಿಗೆ ಬಂದಿತು. ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಭೂಮಿಗೂ ಗರಿಷ್ಠ ಮಿತಿ ಬಿದ್ದಿತು.

ದಕ್ಷಿಣ ಕನ್ನಡದಲ್ಲಿ ಭೂಮಿ ಕಳೆದುಕೊಂಡವರಲ್ಲಿ ಜೈನ ಮನೆತನಗಳೂ ಇದ್ದವು. ತುಂಡು ಭೂಮಿಯ ಗೇಣಿಯಿಂದಲೇ ಜೀವನ ಸಾಗಿಸುತ್ತಿದ್ದ ವಿಧವೆಯರೂ ಇದ್ದರು. ಆ ನೋವು ಸುಳ್ಳಲ್ಲ. ಆದರೆ ತಲೆತಲಾಂತರದಿಂದ ಉತ್ತು ಬಿತ್ತಿ, ಗೇಣಿಯ ಅಕ್ಕಿಮುಡಿಯನ್ನು ಒಡೆಯನ ಮನೆಗೆ ಹೊರುತ್ತಿದ್ದ ಒಕ್ಕಲು ಅಂದು ತನ್ನ ಬೆಳೆಗೆ ತಾನೇ ಒಡೆಯನಾದುದೂ ಸುಳ್ಳಲ್ಲ. ಕಾಯಿದೆಗಿಂತ ಎಷ್ಟೋ ಶತಮಾನ ಮೊದಲೇ ಧರ್ಮವು ಇಂತಹ ಮಿತಿಯನ್ನು ಕೇಳಿತ್ತು. ತಾನಾಗಿ ಬಿಡಬೇಕಾದುದನ್ನು ಬಿಡದೆ ಉಳಿದಾಗ, ಅದನ್ನು ಬಿಡಿಸಲು ಕಾಯಿದೆ ಬರಬೇಕಾಯಿತು.

ದಾನ ಮಾಡುತ್ತಿರಲಿಲ್ಲವೇ ಎಂದು ಕೇಳಬಹುದು. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನ ಜೈನರ ಹಿರಿಮೆ. ಆದರೆ ದಾನವು ಪರಿಮಾಣಕ್ಕೆ ಬದಲಿಯಲ್ಲ. ಮಿತಿಯಿಲ್ಲದೆ ಗಳಿಸಿ ಅದರಲ್ಲಿ ಒಂದು ಪಾಲನ್ನು ಕೊಟ್ಟರೆ ವ್ರತ ಪಾಲಿಸಿದಂತಾಗದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಶಕ್ತಿಮೀರಿ ನಡೆಸುವುದು, ಅತಿಯಾಗಿ ಸಂಗ್ರಹಿಸುವುದು, ಪರರ ಸಂಪತ್ತಿಗೆ ಬೆರಗಾಗುವುದು, ಅತಿಲೋಭ, ಅತಿಭಾರ ಹೊರಿಸುವುದು. ಐದರಲ್ಲಿ ಎರಡು, ದುಡಿಯುವ ಜೀವಿಯ ಮೇಲೆ ಹೇರುವ ಹೊರೆಗೆ ಸಂಬಂಧಿಸಿವೆ. ಅಂದು ಅದು ಗಾಡಿಯ ಎತ್ತಿನ ಮಾತಾಗಿದ್ದರೆ, ಇಂದು ಅಂಗಡಿಯ ಆಳಿಗೂ ಕಾರ್ಖಾನೆಯ ಕಾರ್ಮಿಕನಿಗೂ ಅದು ಅನ್ವಯಿಸುತ್ತದೆ. ಕಡಿಮೆ ಕೂಲಿಯಲ್ಲಿ ಹೆಚ್ಚು ದುಡಿಸಿ ಉಳಿಸಿದ ಹಣದಿಂದ ಮಾಡಿದ ಅಭಿಷೇಕ ಆ ಅತಿಚಾರವನ್ನು ತೊಳೆಯದು.

ಹಾಗೆಂದು ಕಾಯಿದೆಯೊಂದೇ ಸಾಲದು. ಉಮಾಸ್ವಾಮಿಗಳು ಪರಿಗ್ರಹವೆಂದು ಕರೆದುದು ವಸ್ತುವನ್ನಲ್ಲ, ಮೂರ್ಛೆಯನ್ನು, ಅಂದರೆ ‘ನನ್ನದು’ ಎಂಬ ಮೋಹವನ್ನು. ಕಾಯಿದೆ ಭೂಮಿಯನ್ನು ಒಬ್ಬನಿಂದ ಇನ್ನೊಬ್ಬನಿಗೆ ದಾಟಿಸಬಲ್ಲದು, ಮೋಹವನ್ನು ಕಳೆಯಲಾರದು. ಹೊಸ ಒಡೆಯನಿಗೂ ಹಳೆಯ ಮೋಹವೇ ಹತ್ತಬಹುದು. ಸಮಾಜವಾದವು ಹೊರಗಿನಿಂದ ಹಾಕುವ ಮಿತಿಗೆ ಒಳಗಿನಿಂದ ಒಪ್ಪಿಗೆ ದೊರೆಯುವುದು ವ್ರತದಿಂದ.

ಮಿತಿ ಹಾಕಿಕೊಂಡರೆ ಉದ್ಯಮ ನಿಲ್ಲುವುದೆಂಬ ಭಯ ಬೇಡ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳನ್ನು ಲೋಕಕ್ಕೆ ಕಲಿಸಿದವನು ಆದಿತೀರ್ಥಂಕರ ಋಷಭನಾಥ. ಧರ್ಮವು ದುಡಿಮೆಗೆ ಮಿತಿ ಹಾಕಲಿಲ್ಲ, ಕೂಡಿಡುವುದಕ್ಕೆ ಹಾಕಿತು.

ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ ಧರ್ಮದ ಪೂಜೆ ನಡೆಯುತ್ತದೆ. ಆ ದಿನ ಬಸದಿಯಿಂದ ಮರಳಿದ ಗೃಹಸ್ಥನು ಮನೆಯವರನ್ನು ಕೂರಿಸಿಕೊಂಡು, ತಮಗೆ ಎಷ್ಟು ಸಾಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಲಿ. ಅದರಾಚೆ ಬಂದುದರಲ್ಲಿ ಮೊದಲು ದುಡಿದವರ ಕೂಲಿ ನ್ಯಾಯವಾಗಲಿ, ಆಮೇಲೆ ದಾನ.