ಪೆಟ್ಟಿಗೆಯ ಮೇಲಿನ ಅಂಕಿ, ಗೋಡೆಯ ಮೇಲಿನ ಚಿತ್ರ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಹೋಂಸ್ಟೇ ನಡೆಸುವವರಿಗೆ ಮಳೆಗಾಲದ ಸಂಜೆಗಳದ್ದೇ ಚಿಂತೆ. ಅತಿಥಿಗಳು ತೋಟ ಸುತ್ತುವಂತಿಲ್ಲ, ಹಳ್ಳಕ್ಕೆ ಇಳಿಯುವಂತಿಲ್ಲ. ಹಜಾರದ ಗೋಡೆಯ ಮೇಲೆ ಆರಡಿ ಅಗಲದ ಚಿತ್ರ ಮೂಡಿಸುವ ಪ್ರೊಜೆಕ್ಟರ್ ಆಗ ಐಷಾರಾಮವಲ್ಲ, ವ್ಯವಹಾರದ ಸಲಕರಣೆ. 2025ರ ಸೆಪ್ಟೆಂಬರ್ 22ರಿಂದ ಇದರ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದೂ ಕೊಳ್ಳುವವರಿಗೆ ಅನುಕೂಲವೇ.

ಆದರೆ ಕೊಳ್ಳುತ್ತಿರುವುದೇನು? ಅಗ್ಗದ ಪೆಟ್ಟಿಗೆಗಳ ಮೇಲೆ '1080ಪಿ ಬೆಂಬಲ' ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿರುವುದುಂಟು. ಅಂತಹ ಸಂಕೇತವನ್ನು ಯಂತ್ರ ಸ್ವೀಕರಿಸುತ್ತದೆ ಎಂಬುದಷ್ಟೇ ಅದರ ಅರ್ಥ. ಒಳಗಿನ ಎಲ್‌ಸಿಡಿ ಫಲಕದಲ್ಲಿ ಅಡ್ಡಕ್ಕೆ 800, ಎತ್ತರಕ್ಕೆ 480 ಚಿತ್ರಬಿಂದುಗಳಿದ್ದರೆ ಒಟ್ಟು 3,84,000. ಪೂರ್ಣ ಹೈ ಡೆಫಿನಿಷನ್‌ಗೆ 1920 ಮತ್ತು 1080, ಅಂದರೆ 20,73,600 ಬೇಕು. ಐದನೆಯ ಒಂದು ಪಾಲೂ ಇಲ್ಲದ ಸರಕಿಗೆ ಪೂರ್ಣ ಹೆಸರು! ಚೆರ್ರಿ ಮೂಟೆಗೆ ಎಷ್ಟು ಕಾಫಿ ಬೀಜ ಇಳಿಯುತ್ತದೆಂದು ಔಟ್‌ಟರ್ನ್ ನೋಡಿಯೇ ಬೆಲೆ ಕಟ್ಟುವ ಸೀಮೆಯಲ್ಲಿ ಇದು ನಡೆಯಬಾರದು.

ಈ ಲೆಕ್ಕ ಮನದಟ್ಟಾಗಲು ಪ್ರೊಜೆಕ್ಟರನ್ನು ಒಮ್ಮೆ ಸ್ವತಃ ಕಟ್ಟಿ ನೋಡುವುದಕ್ಕಿಂತ ಉತ್ತಮ ಮಾರ್ಗವಿಲ್ಲ. 2000ದ ದಶಕದಲ್ಲಿ ಹವ್ಯಾಸಿಗಳು 15 ಇಂಚಿನ ಮಾನಿಟರಿನ ಹಿಂಬೆಳಕು ಕಳಚಿ, ಫಲಕವನ್ನು ಮಾತ್ರ ಓವರ್‌ಹೆಡ್ ಪ್ರೊಜೆಕ್ಟರಿನ ಮೇಲಿಟ್ಟು ಗೋಡೆಗೆ ಚಿತ್ರ ಬೀಳಿಸುತ್ತಿದ್ದರು. ತತ್ತ್ವ ಇಂದಿಗೂ ಅದೇ. ದೀಪದ ಬೆಳಕನ್ನು ಒಂದು ಫ್ರೆನೆಲ್ ಮಸೂರ ನೇರಗೊಳಿಸಿ ಫಲಕದ ಮೂಲಕ ಹಾಯಿಸುತ್ತದೆ. ಇನ್ನೊಂದು ಅದನ್ನು ಮುಂದಿನ ಮಸೂರಕ್ಕೆ ಒಟ್ಟುಗೂಡಿಸುತ್ತದೆ. ಪೂರ್ಣ ಹೈ ಡೆಫಿನಿಷನ್ ಫಲಕ, ಅದರ ನಿಯಂತ್ರಕ ಬೋರ್ಡು, 100 ವಾಟಿನ ಎಲ್‌ಇಡಿ ಮುಂತಾದವಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯಿದೆ.

ಕಷ್ಟವಿರುವುದು ಶಾಖದಲ್ಲಿ. ಎಲ್‌ಸಿಡಿ ಫಲಕ ತನ್ನ ಮೇಲೆ ಬಿದ್ದ ಬೆಳಕಿನ ಅಲ್ಪಭಾಗವನ್ನಷ್ಟೇ ಹಾಯಗೊಟ್ಟು ಉಳಿದುದರಲ್ಲಿ ಬಹುಪಾಲನ್ನು ಬಿಸಿಯಾಗಿ ಮಾರ್ಪಡಿಸುತ್ತದೆ. ಆದುದರಿಂದ ದೊಡ್ಡ ಅಲ್ಯೂಮಿನಿಯಂ ಹೀಟ್‌ಸಿಂಕ್, ಫ್ಯಾನು ಅನಿವಾರ್ಯ. ಗಾಳಿಕಂಡಿಗೆ ಸಣ್ಣ ಕಣ್ಣಿನ ಜಾಲರಿಯೂ ಬೇಕು, ಇಲ್ಲವಾದರೆ ಮಲೆನಾಡಿನ ಮಳೆಹುಳುಗಳು ಬೆಳಕನ್ನು ಹುಡುಕಿಕೊಂಡು ಒಳಗೇ ಬಂದು ಕೂರುತ್ತವೆ. ಹಳೆಯ ಪದ್ಧತಿಯ ಮೆಟಲ್ ಹ್ಯಾಲೈಡ್ ದೀಪದ ಗೋಜಿಗೆ ಹೋಗದಿರುವುದೇ ಲೇಸು. ಅದರ ನೇರಳಾತೀತ ಕಿರಣಗಳೂ ಹೊತ್ತಿಸುವ ಅಧಿಕ ವೋಲ್ಟೇಜೂ ಅಪಾಯಕರ.

ಮನೆಯಲ್ಲಿ ಕಟ್ಟಿದ್ದು ಅಗ್ಗವಾಗುತ್ತದೆ ಎನ್ನಲಾಗದು. ಮರದ ಪೆಟ್ಟಿಗೆ ದೊಡ್ಡದು, ಫ್ಯಾನಿನ ಸದ್ದು ಹೆಚ್ಚು, ಹಗಲಿನಲ್ಲಿ ಚಿತ್ರ ಕಾಣಿಸದು. ಆದರೂ ಆಷಾಢದ ಥಂಡಿಗೆ ಮಸೂರದಲ್ಲಿ ಬೂಷ್ಟು ಹಿಡಿದರೆ ನಾಲ್ಕು ಸ್ಕ್ರೂ ಬಿಚ್ಚಿ ಒರೆಸಬಹುದು, ದೀಪ ಹೋದರೆ ದೀಪವನ್ನಷ್ಟೇ ಬದಲಿಸಬಹುದು. ಪಲ್ಪರ್ ಮೋಟಾರು, ಪಂಪ್‌ಸೆಟ್ಟು ದುರಸ್ತಿ ಮಾಡುವ ಕೈಗಳಿಗೆ ಇದು ಮೀರಿದ ವಿದ್ಯೆಯಲ್ಲ. ಮಳೆಗಾಲದಲ್ಲಿ ಅವರಿಗೊಂದು ಹೊಸ ಸಂಪಾದನೆಯೂ ಆದೀತು.

ಸಿದ್ಧ ಯಂತ್ರ ಮಾರುವ ವರ್ತಕರು ಫಲಕದ ನಿಜವಾದ ಚಿತ್ರಬಿಂದುಗಳ ಸಂಖ್ಯೆಯನ್ನು ಬಿಲ್ಲಿನಲ್ಲಿಯೇ ನಮೂದಿಸತಕ್ಕದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತನ್ನು ಹೇಗೂ ಸಹಿಸುವುದಿಲ್ಲ. ಬಿಲ್ಲಿಗೂ ಮುನ್ನ ಅಂಗಡಿಯಲ್ಲಿಯೇ ಪರೀಕ್ಷೆ ಸಾಧ್ಯ: ಸಿನಿಮಾದ ಬದಲು ಸಣ್ಣಕ್ಷರದ ಕಾಫಿ ದರಪಟ್ಟಿಯೊಂದನ್ನು ಗೋಡೆಗೆ ಬಿಡಿಸಿ, ಅರೇಬಿಕಾ ಪಾರ್ಚ್‌ಮೆಂಟಿನ ದರವನ್ನು ಗ್ರಾಹಕರಿಂದಲೇ ಓದಿಸಬೇಕು.